ಎರಡು ಎಡಗೈಗಳ ಉಂಗುರ

"ಗುರುಗಳೇ, ಮುಖ ಕಾಣದ ಅಂಗಡಿಗಳಲ್ಲಿ ನಮ್ಮೂರಿನ ಅಂಗಡಿ ಯಾವುದು, ಸುಳ್ಳಂಗಡಿ ಯಾವುದು ಎಂದು ತಿಳಿಯುವುದು ಹೇಗೆ?"

ಕೇಳಿದವಳು ನೀಲಾಂಬಿಕೆ. ಬಹಳ ವರ್ಷಗಳಿಂದ ಐರ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ರಜೆಗೆ ಬಂದಾಗಲೆಲ್ಲ ಗುರುಗಳನ್ನು ಕಂಡೇ ಹೋಗುತ್ತಾಳೆ. ಈಗ ಅವಳ ಬಾಯಲ್ಲಿ 'ನಮ್ಮೂರು' ಎಂದರೆ ಆ ದ್ವೀಪದ ಊರು.

"ಅಲ್ಲಿ ಬಟ್ಟೆ ಹೊಲಿಯೋರು, ಒಡವೆ ಮಾಡೋರು ಒಬ್ಬೊಬ್ಬರಾಗಿ ಬಾಗಿಲು ಹಾಕ್ತಿದ್ದಾರೆ. ಆನ್‌ಲೈನ್‌ನಲ್ಲಿ ಕೊಂಡರೂ ಅವರ ಹತ್ರಾನೇ ಕೊಳ್ಳಬೇಕು ಅಂತ ನಮಗೆಲ್ಲ ಆಸೆ. ಆದರೆ ಎಲ್ಲೋ ಕೂತಿರೋ ಕಳ್ಳರು ನಮ್ಮೂರಿನ ಹೆಸರು ಹಾಕ್ಕೊಂಡು ಅಂಗಡಿ ತೆರೀತಾರೆ. ಇದನ್ನೇ ನೋಡಿ. ಯಾರೋ ಅಕ್ಕತಂಗಿಯರು, ಪಾಪ, ಅಂಗಡಿ ಮುಚ್ಚುತ್ತಿದ್ದಾರಂತೆ. ಎರಡು ಉಣ್ಣೆ ಕೋಟು ಬೇಕು ಅಂತ ಆರ್ಡರ್ ಹಾಕಿಬಿಟ್ಟೆ. ಆಮೇಲಿಂದ ನಿಜವೋ ಸುಳ್ಳೋ ಅಂತ ಒಂದೇ ಕಸಿವಿಸಿ."

ಗುರುಗಳು ಅವಳ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಹಾಗೆಯೇ ಹಿಂದಕ್ಕೆ ಕೊಟ್ಟರು.

"ವಿಳಾಸ ನೋಡು. ಫೋನ್ ಮಾಡಿ ಮಾತಾಡಿಸು. ಸರಕು ಬೇಡವಾದರೆ ಎಲ್ಲಿಗೆ ಹಿಂದಿರುಗಿಸಬೇಕು ಅಂತ ಓದು. ಅಂಗಡಿ ಪಕ್ಕದ ಬೀದಿಯದು, ಹಿಂದಿರುಗಿಸೋದು ಮಾತ್ರ ಸಮುದ್ರದಾಚೆಗೆ ಅಂದರೆ ಕೈಮುಗಿದು ಎದ್ದು ಬಾ. ಇಷ್ಟನ್ನು ಅಲ್ಲಿನ ಪೊಲೀಸಿನವರೇ ಹೇಳ್ತಾರೆ. ಅದಕ್ಕೆ ಗುರು ಯಾಕೆ? ಅಂಗಡಿಯ ಮೇಲೆ ನಿನಗೆ ಅನುಮಾನ. ನನಗೆ ನಿನ್ನ ಪ್ರಶ್ನೆಯ ಮೇಲೇ ಅನುಮಾನ. ಒಂದು ಕತೆ ಕೇಳು."

ಹೀಗೆಂದು ಗುರುಗಳು ಹೇಳತೊಡಗಿದರು.

ನೀನಿರುವ ದ್ವೀಪದಲ್ಲೇ, ಪಡುವಣ ಕಡಲ ಬದಿಯ ಒಂದು ಪಟ್ಟಣದಲ್ಲಿ ಒಬ್ಬ ಅಕ್ಕಸಾಲಿ ಇದ್ದ. ಕೆಳಗಿನ ಬೀದಿಯಲ್ಲಿ ಅವನ ಅಂಗಡಿ. ಅವನು ಒಳಗೆ ಕುಳಿತು ಕೆಲಸ ಮಾಡುತ್ತಿದ್ದ, ಹೆಂಡತಿ ಮುಂದೆ ಕುಳಿತು ಬಂದವರ ಬೆರಳಿನ ಅಳತೆ ತೆಗೆಯುತ್ತಿದ್ದಳು. ಆ ಸೀಮೆಯಲ್ಲಿ ಒಂದು ಬಗೆಯ ಉಂಗುರವಿದೆ. ಎರಡು ಕೈಗಳು ಸೇರಿ ಒಂದು ಹೃದಯವನ್ನು ಹಿಡಿದಿರುತ್ತವೆ, ಹೃದಯದ ಮೇಲೆ ಒಂದು ಕಿರೀಟ. ಅಲ್ಲಿನವರು ಅದನ್ನು ಕ್ಲಾಡಾ ಉಂಗುರ ಎನ್ನುತ್ತಾರೆ. ತಾಯಿ ಮಗಳಿಗೆ ಕೊಡುತ್ತಾಳೆ, ಪ್ರೀತಿಸಿದವನು ಪ್ರೀತಿಸಿದವಳಿಗೆ ಕೊಡುತ್ತಾನೆ. ಅಕ್ಕಸಾಲಿಗೆ ಅನ್ನ ಕೊಟ್ಟದ್ದು ಆ ಉಂಗುರ.

ಅದೇ ಪಟ್ಟಣದ ಮೇಲಿನ ಬೀದಿಯಲ್ಲಿ ಒಬ್ಬ ಹೆಂಗಸು ಕೋಟು ಹೊಲಿದು ಮಾರುತ್ತಿದ್ದಳು. ಸುತ್ತಲಿನ ಕುರಿಗಳ ಉಣ್ಣೆ, ಅಲ್ಲಿಯೇ ನೇಯ್ದ ಬಟ್ಟೆ. ಅವಳ ಬಾಗಿಲ ಮೇಲೆ 'ನಮ್ಮೂರಿನದನ್ನೇ ಕೊಳ್ಳಿ' ಎಂಬ ಫಲಕವಿತ್ತು. ಫೋನಿನಲ್ಲಿ ಹೊರದೇಶದ ಕೋಟು ತರಿಸಿಕೊಂಡವರು ಎದುರಿಗೆ ಸಿಕ್ಕರೆ ಬಿಡುತ್ತಿರಲಿಲ್ಲ, ನಡುಬೀದಿಯಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಒಳ್ಳೆಯವಳೇ. ಅವಳ ಮದುವೆಯ ಉಂಗುರ ಮಾಡಿದವನು ಆ ಅಕ್ಕಸಾಲಿ. ಆಮೇಲೆ ಅವಳಿಗೆ ಉಂಗುರ ಬೇಕಾಗಲಿಲ್ಲ, ಕೆಳಗಿನ ಬೀದಿಗೆ ಹೋಗುವ ಕೆಲಸವೂ ಬೀಳಲಿಲ್ಲ. ಅಕ್ಕಸಾಲಿ ಹೇಗಿದ್ದಾನೆ ಎಂದು ಯಾರಾದರೂ ಕೇಳಿದ್ದರೆ, ಚೆನ್ನಾಗಿದ್ದಾನೆ, ನಮ್ಮವನೇ, ಎನ್ನುತ್ತಿದ್ದಳು.

ಅವಳ ಮಗಳಿಗೆ ಮದುವೆ ಗೊತ್ತಾಯಿತು. ಮಗಳಿಗೆ ಉಂಗುರ ಕೊಡಬೇಕು. ಆ ಯೋಚನೆಯಲ್ಲಿ ಫೋನು ತೆರೆದಾಗ ಒಂದು ಅಂಗಡಿ ಎದುರಾಯಿತು. ಅಂಗಡಿಯ ಹೆಸರಿನಲ್ಲಿ ಅವಳ ಪಟ್ಟಣದ ಹೆಸರಿತ್ತು. ಒಬ್ಬ ಮುದುಕ ಕನ್ನಡಕ ಹಾಕಿ, ಬಗ್ಗಿ, ಉಂಗುರ ಉಜ್ಜುತ್ತಿರುವ ಫೋಟೋ ಇತ್ತು. ಕೆಳಗೆ ಹೀಗೆ ಬರೆದಿತ್ತು: 'ನನ್ನ ಹೆಂಡತಿ ತೀರಿಕೊಂಡಳು. ಒಬ್ಬನೇ ಅಂಗಡಿ ನಡೆಸಲಾರೆ. ಬಾಗಿಲು ಹಾಕುತ್ತಿದ್ದೇನೆ. ನನ್ನ ಕೈಯಾರೆ ಮಾಡಿದ ಕೊನೆಯ ಉಂಗುರಗಳು ಅರ್ಧ ಬೆಲೆಗೆ. ಅವು ನಮ್ಮೂರಿನವರ ಕೈ ಸೇರಲಿ, ಅಷ್ಟೇ ಆಸೆ.'

ಅಂಥ ಮುದುಕನೇ ಇರಲಿಲ್ಲ. ಆ ಫೋಟೋವನ್ನು ಕಂಪ್ಯೂಟರೇ ಕಲ್ಪಿಸಿ ಬರೆದಿತ್ತು. ಆ ಮಾತುಗಳನ್ನು ಬರೆದವನು ಆ ಪಟ್ಟಣವನ್ನು ಕನಸಿನಲ್ಲಿಯೂ ಕಂಡವನಲ್ಲ. ಆದರೆ ಅವಳು ನೋಡಿದ ತಕ್ಷಣ, ಅಯ್ಯೋ, ಇವನು ನಮ್ಮ ಅಕ್ಕಸಾಲಿಯೇ ಎಂದುಕೊಂಡಳು. ಅವನ ಮುಖ ಅವಳಿಗೆ ಮರೆತಿತ್ತು. ಅದರಿಂದಲೇ ಗುರುತು ಸುಲಭವಾಗಿ ಹತ್ತಿತು.

ಅವಳು ಅತ್ತಳು. ಅತ್ತದ್ದು ನಾಟಕವಲ್ಲ. ಅರ್ಧ ಬೆಲೆಯೂ ಕಣ್ಣಿಗೆ ಬಿದ್ದಿತ್ತು. ಎರಡರಲ್ಲಿ ಯಾವುದು ಅವಳಿಂದ ಗುಂಡಿ ಒತ್ತಿಸಿತೋ ಅವಳನ್ನೇ ಕೇಳಬೇಕು. ಮಗಳಿಗೊಂದು ಉಂಗುರ ಕೊಂಡಳು. ಆ ಅಂಗಡಿಯ ಲಿಂಕನ್ನು ಊರಿನವರ ಫೋನ್ ಗುಂಪಿಗೆಲ್ಲ ಕಳಿಸಿ, 'ನಮ್ಮ ಅಕ್ಕಸಾಲಿಯ ಕೈ ಬಿಡಬೇಡಿ' ಎಂದು ಬರೆದಳು. ಊರಿನವರು ಕೈ ಬಿಡಲಿಲ್ಲ. ಕೊಂಡವರು ಇನ್ನೊಬ್ಬರಿಗೆ ಹೇಳಿದರು, ಅವರೂ ಕೊಂಡರು. ಎಲ್ಲರಿಗೂ ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನ.

ಅಷ್ಟೂ ಕಾಲ ಕೆಳಗಿನ ಬೀದಿಯಲ್ಲಿ ಅಕ್ಕಸಾಲಿ ಬಾಗಿಲು ತೆರೆದುಕೊಂಡೇ ಕುಳಿತಿದ್ದ. ಈ ಸಲ ಮದುವೆಗಳೇ ಇಲ್ಲವೇನೋ ಎಂದು ಹೆಂಡತಿಯೊಡನೆ ಹೇಳಿಕೊಳ್ಳುತ್ತಿದ್ದ.

ಉಂಗುರ ಬಂತು. ಲಕೋಟೆಯ ಮೇಲೆ ಯಾವುದೋ ದೂರದೇಶದ ಮುದ್ರೆ. ಮಗಳು ಹಾಕಿಕೊಂಡಳು. ಸಂಜೆಯೊಳಗೆ ಬೆರಳು ಹಸಿರಾಯಿತು. ಮದುವೆ ತೀರ ಹತ್ತಿರವಿತ್ತು. ಹೆಂಗಸಿನ ಕರುಣೆಯೆಲ್ಲ ಸಿಟ್ಟಾಯಿತು. ಸಾಯುವ ವಯಸ್ಸಿನಲ್ಲಿ ಊರಿಗೇ ಟೋಪಿ ಹಾಕಿದನಲ್ಲ, ಹೆಂಡತಿಯ ಸಾವನ್ನೂ ಮಾರಿಕೊಂಡನಲ್ಲ, ಎಂದು ಕುದಿದಳು. ಎಷ್ಟೋ ವರ್ಷಗಳ ಮೇಲೆ ಕೆಳಗಿನ ಬೀದಿಗೆ ಇಳಿದಳು.

ಅಂಗಡಿಯ ಮೇಜಿನ ಮೇಲೆ ಉಂಗುರ ಎಸೆದು, "ನನ್ನ ಮಗಳ ಮದುವೆಗೆ ಇದನ್ನಾ ಕೊಡೋದು? ದುಃಖದಲ್ಲಿ ಕೈ ತಪ್ಪಿತು ಅಂತ ಮಾತ್ರ ಹೇಳಬೇಡ," ಎಂದಳು.

ಅಕ್ಕಸಾಲಿಗೆ ತಲೆಬುಡ ತಿಳಿಯಲಿಲ್ಲ. ಉಂಗುರವನ್ನು ಬೆಳಕಿಗೆ ಹಿಡಿದ.

"ಇದು ನನ್ನ ಕೆಲಸ ಅಲ್ಲಮ್ಮ. ನೋಡು, ಇದರಲ್ಲಿ ಎರಡೂ ಎಡಗೈ."

ನಿಜವಾಗಿಯೂ ಹೃದಯದ ಎರಡು ಬದಿಗೂ ಎಡಗೈಯೇ ಇತ್ತು. ಅವಳು ಸೋಲಲಿಲ್ಲ. ಫೋನು ತೆಗೆದು ಫೋಟೋ ತೋರಿಸಿದಳು. "ಇದು ನೀನಲ್ಲದೆ ಮತ್ತ್ಯಾರು?"

ಫೋಟೋದ ಮುದುಕನಿಗೆ ಎದೆಯವರೆಗೆ ಗಡ್ಡವಿತ್ತು. ಎದುರಿಗಿದ್ದವನ ಕೆನ್ನೆ ನುಣ್ಣಗಿತ್ತು. ಅವಳು ಫೋನನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. ಗಡ್ಡ ತೆಗೆಸಿದ್ದಾನೋ, ಯಾವಾಗಲೂ ಹೀಗೆಯೇ ಇದ್ದನೋ, ಅವಳಿಗೆ ಗೊತ್ತಾಗಲಿಲ್ಲ. ಗಡ್ಡದ ಮೇಲೂ ಅನುಮಾನ ಪಡುವ ಹೊತ್ತಿಗೆ ಒಳಗಿನಿಂದ ಅಕ್ಕಸಾಲಿಯ ಹೆಂಡತಿ ಚಹಾದ ಲೋಟ ಹಿಡಿದು ಬಂದಳು.

"ಯಾರು ಬಂದಿರೋದು? ಅರೆ, ನೀನಾ! ಎಷ್ಟು ದಿನ ಆಯ್ತು ನಿನ್ನ ನೋಡಿ!"

ಅಕ್ಕಸಾಲಿಯ ಹೆಂಡತಿ ಫೋನು ತೆಗೆದುಕೊಂಡು ಓದಿದಳು. ತಾನು ಸತ್ತದ್ದನ್ನು ಓದಿ ಮೊದಲು ಗಟ್ಟಿಯಾಗಿ ನಕ್ಕಳು. ನಗುತ್ತಲೇ ಏನೋ ಹೊಳೆಯಿತು. ನಗು ನಿಂತಿತು.

"ನಾನು ಸತ್ತೆ ಅಂತ ನಂಬಿದೆಯಲ್ಲ. ಮತ್ತೆ ಮನೆಗೆ ಯಾಕೆ ಬರಲಿಲ್ಲ?"

ನೀಲಾ, ಆ ನಾಡಿನ ರೂಢಿ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅಲ್ಲಿ ಯಾರು ಸತ್ತರೂ ಊರೇ ಬಂದು ಸಾಲಿನಲ್ಲಿ ನಿಲ್ಲುತ್ತದೆ, ಮನೆಯವರ ಕೈ ಹಿಡಿಯುತ್ತದೆ, ಚಹಾ ಕುಡಿದು ಹೋಗುತ್ತದೆ. ಗುರುತಿಲ್ಲದವರೂ ಬರುತ್ತಾರೆ. ಹಾಗಾಗಿ ಅದು ಸಣ್ಣ ಪ್ರಶ್ನೆಯಲ್ಲ.

ಅಕ್ಕಸಾಲಿ ಆ ಹೆಂಗಸನ್ನು ಬೈಯಲಿಲ್ಲ. ಮಗಳ ಬೆರಳಿನ ಅಳತೆ ಕೇಳಿ, ಬೇರೆ ಕೆಲಸ ಬದಿಗಿಟ್ಟು, ಮದುವೆಗೆ ಮುಂಚೆ ಉಂಗುರ ಮಾಡಿ ಕೊಟ್ಟ. ಎಂದಿನ ಬೆಲೆಯನ್ನೇ ತೆಗೆದುಕೊಂಡ. ಒಂದು ಮಾತು ಮಾತ್ರ ಕೇಳಿದ.

"ಊರಿಗೆಲ್ಲ ಅದನ್ನು ಹಂಚಿದವಳು ನೀನು. ಅದು ನಾನಲ್ಲ ಅಂತಲೂ ನೀನೇ ಹೇಳು. ನನಗೆ ಇರೋದು ಹೆಸರು ಒಂದೇ."

ಹೇಳುತ್ತೇನೆ ಎಂದಳು. ಹೇಳುವ ಮನಸ್ಸೂ ಇತ್ತು. ಮನೆಗೆ ಬಂದು ಬರೆಯಲು ಕುಳಿತಳು. 'ಅದು ಸುಳ್ಳಂಗಡಿ. ನಮ್ಮ ಅಕ್ಕಸಾಲಿ ಕೆಳಗಿನ ಬೀದಿಯಲ್ಲೇ ಇದ್ದಾನೆ, ಅವನ ಹೆಂಡತಿಯೂ ಬದುಕಿದ್ದಾಳೆ' ಎಂದು ಬರೆದಳು. ಓದಿ ನೋಡಿಕೊಂಡಳು. ಹಾಗಾದರೆ ಅವಳು ಸತ್ತಳೆಂದು ತಿಳಿದೂ ನೀನು ಹೋಗಲಿಲ್ಲವೇ ಎಂದು ಊರು ಕೇಳುತ್ತದೆ. 'ನಮ್ಮೂರಿನದನ್ನೇ ಕೊಳ್ಳಿ' ಎಂದು ಬಾಗಿಲ ಮೇಲೆ ಬರೆಸಿದವಳು ನೀನೇ ಅಲ್ಲವೇ ಎಂದೂ ಕೇಳುತ್ತದೆ. ಬರೆದದ್ದನ್ನು ಅಳಿಸಿದಳು. ಬೇರೆಯದನ್ನು ಬರೆದು ಕಳಿಸಿದಳು. 'ಉಂಗುರ ಕೊಳ್ಳುವಾಗ ಎಚ್ಚರ. ಮೋಸ ನಡೆಯುತ್ತಿದೆ. ಹೆಚ್ಚು ಹೇಳಲಾರೆ.'

ಹೆಚ್ಚು ಹೇಳಲಾರೆ! ಇದಕ್ಕಿಂತ ಹೆಚ್ಚು ಇನ್ನೇನು ಹೇಳಬೇಕು? ಊರಿನವರು ತಮಗೆ ಬೇಕಾದಂತೆ ಓದಿಕೊಂಡರು. ಪಾಪ, ಅಕ್ಕಸಾಲಿ ಹಳೆಯ ಪರಿಚಯ, ಬಾಯಿಬಿಟ್ಟು ಹೆಸರು ಹೇಳಲು ಅವಳಿಗೆ ಸಂಕೋಚ, ಎಂದುಕೊಂಡರು. ಆ ಹೊತ್ತಿಗೆ ಎಲ್ಲರ ಬೆರಳೂ ಹಸಿರಾಗಿತ್ತು.

ಕೆಲವರು ಜಗಳಕ್ಕೆಂದೇ ಕೆಳಗಿನ ಬೀದಿಗೆ ಬಂದರು. ಗಾಜಿನಾಚೆ ಅಕ್ಕಸಾಲಿಯ ಹೆಂಡತಿ ಕುಳಿತಿರುವುದು ಕಂಡಿತು. ಅಲ್ಲಿಂದಲೇ ತಿರುಗಿ ಹೋದರು. ಅವರಿಗೂ ನಿಜ ತಿಳಿಯಿತು. ಅವರೂ ಸಾವಿನ ಸುದ್ದಿ ಓದಿ ಮನೆಗೆ ಬಾರದೆ ಉಂಗುರ ಕೊಂಡವರೇ. ಅವಳನ್ನು ಕಂಡು ಬಂದೆ ಎಂದು ಅವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಬದಲಿಗೆ, ಅವನ ಸುದ್ದಿ ನಮಗೇಕೆ, ಎಂದರು. ಹೀಗೆ ನಿಜ ಗೊತ್ತಿಲ್ಲದವರು ಸಿಟ್ಟಿನಿಂದ ದೂರವಾದರು, ಗೊತ್ತಿದ್ದವರು ನಾಚಿಕೆಯಿಂದ ದೂರವಾದರು.

ಅಕ್ಕಸಾಲಿ ಆದಷ್ಟು ದಿನ ನೋಡಿದ. ಬೀದಿಯಲ್ಲಿ ಹೋಗುವವರಿಗೆ ತಾನೇ ಕೈ ಬೀಸಿದ. ಕೆಲವರು ಫೋನು ನೋಡಿಕೊಂಡೇ ದಾಟಿದರು. ಕೊನೆಗೊಂದು ದಿನ ಹಾಳೆಯೊಂದರ ಮೇಲೆ ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ. 'ಅಂಗಡಿ ಮುಚ್ಚುತ್ತಿದ್ದೇವೆ. ಉಳಿದದ್ದೆಲ್ಲ ಅರ್ಧ ಬೆಲೆಗೆ.'

ಅಂದು ಊರೇ ಬಂತು. ಸಾಲು ಬೀದಿಯ ತಿರುವಿನವರೆಗೂ ಬೆಳೆಯಿತು. ಸಾಲಿನಲ್ಲಿ ನಿಂತವರು, ನಮ್ಮೂರಿನವರನ್ನು ನಾವಲ್ಲದೆ ಇನ್ನಾರು ನೋಡಬೇಕು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಆ ನೀರಿನ ಮೇಲೆ ನನಗೆ ಅನುಮಾನವಿಲ್ಲ. ಅದು ಯಾವಾಗ ಬರುತ್ತದೆ ಎಂಬುದರ ಮೇಲೆ ಇದೆ.

ಅಕ್ಕಸಾಲಿಯ ಹೆಂಡತಿ ಎಲ್ಲರಿಗೂ ಬೆರಳಿನ ಅಳತೆ ನೋಡಿ ಕೊಟ್ಟಳು. ಕೋಟು ಹೊಲಿಯುವ ಹೆಂಗಸೂ ಸಾಲಿನಲ್ಲಿದ್ದಳು. ಅವಳ ಸರದಿ ಬಂದಾಗ ಅಕ್ಕಸಾಲಿಯ ಹೆಂಡತಿ ಮೇಜಿನ ಸೆಳೆಖಾನೆ ಎಳೆದು, ಎರಡು ಎಡಗೈಗಳ ಆ ಉಂಗುರವನ್ನು ತೆಗೆದು ಅವಳ ಮುಂದಿಟ್ಟಳು.

"ಇದನ್ನು ಅವತ್ತು ಇಲ್ಲೇ ಬಿಟ್ಟು ಹೋಗಿದ್ದೆ. ನಿನ್ನದು."

ಗುರುಗಳು ಕತೆ ನಿಲ್ಲಿಸಿದರು.

ನೀಲಾಂಬಿಕೆಗೆ ಸಿಟ್ಟು ಬಂದಿತ್ತು. "ಆ ಮೋಸಗಾರ ಸಿಕ್ಕಿದನೇ, ಗುರುಗಳೇ?"

"ಎಲ್ಲಿ ಸಿಗ್ತಾನೆ? ಇನ್ನೊಂದು ಊರಿನ ಹೆಸರು ಹಾಕ್ಕೊಂಡು ಮತ್ತೆ ಹೆಂಡತಿಯನ್ನು ಸಾಯಿಸ್ತಾ ಇದ್ದಾನೆ."

"ಅದು ಸರಿ. ಆದರೆ ನಾನು ಕೇಳಿದ್ದಕ್ಕೆ ನೀವು ಉತ್ತರ ಹೇಳಲೇ ಇಲ್ಲ. ನಮ್ಮೂರಿನ ಅಂಗಡಿಯನ್ನು ಗುರುತಿಸುವುದು ಹೇಗೆ?"

ಗುರುಗಳು ಕೈ ಚಾಚಿ ಮತ್ತೆ ಅವಳ ಫೋನು ಕೇಳಿದರು. ಕೋಟು ಮಾರುವ ಅಕ್ಕತಂಗಿಯರು ಅದರಲ್ಲಿ ಇನ್ನೂ ಕಣ್ಣು ತುಂಬಿಕೊಂಡು ನಿಂತಿದ್ದರು. ಅವರನ್ನು ಅವಳ ಕಡೆಗೆ ತಿರುಗಿಸಿ ಹಿಡಿದು ಗುರುಗಳು ಕೇಳಿದರು:

"ಇವರು ಅಂಗಡಿ ಮುಚ್ಚುತ್ತಿಲ್ಲ ಎಂದಿದ್ದರೆ, ನೀಲಾ, ನೀನು ಕೋಟು ಕೊಳ್ಳುತ್ತಿದ್ದೆಯಾ?"