ಗೋಡೆಗೆ ಒರಗಿಸಿಟ್ಟ ಗಳ

ಹೊಳೆ ದಂಡೆಯ ಗುಡಿಸಲಿನಲ್ಲಿದ್ದ ಸುಂಕಪ್ಪಜ್ಜ ಯಾರಿಗೂ ನೇರ ಉತ್ತರ ಕೊಟ್ಟವನಲ್ಲ. ಬಾವಿ ಎಲ್ಲಿದೆ ಎಂದು ಕೇಳಿದರೆ, ಬಾಯಾರಿಕೆ ಎಲ್ಲಿದೆ ಎಂದು ತಿರುಗಿ ಕೇಳುವ ಆಸಾಮಿ.

ಜನಕ್ಕೆ ಅದೇ ಇಷ್ಟವಾಗಿತ್ತು. ಅರ್ಥವಾಗದ ಮಾತಿಗೆ ಕೈಮುಗಿಯುವುದು ನಮಗೇನೂ ಹೊಸದಲ್ಲ.

ಹಿಂದೆ ಅವನು ಹರಿಗೋಲು ಹಾಕುತ್ತಿದ್ದ ಅಂಬಿಗ. ಸೇತುವೆ ಬಂದ ಮೇಲೆ ಹರಿಗೋಲು ಮಗುಚಿಟ್ಟು, ಬಂದವರಿಗೆ ಬಲೆ ಬೀಸುವುದನ್ನು ಕಲಿಸುತ್ತ ಕುಳಿತ. ಅವನು ಕಲಿಸುತ್ತಿರುವುದು ಬಲೆಯನ್ನೋ ಬಾಳನ್ನೋ ಎಂದು ಶಿಷ್ಯರಿಗೇ ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಹುಲುಗಪ್ಪ ಅವನಲ್ಲಿ ಆರು ವರ್ಷ ಕಲಿತು, ಮೂರು ವರ್ಷದ ಹಿಂದೆ ತನ್ನೂರಿಗೆ ಮರಳಿದ್ದ. ಈಗ ಒಂದು ಹಾಳೆ ಹಿಡಿದು ಗುರುವಿನ ಮುಂದೆ ಬಂದು ಕುಳಿತ.

ತಂಗಿ ತಿಪ್ಪಮ್ಮನ ಮಗನಿಗೆ ಜವಳ ಇತ್ತು. ಮರುದಿನ ಬೀಗರಿಗೆ ಮೀನಿನ ಊಟ. ಆ ಮೀನು ತರುವ ಹೊಣೆ ಹುಲುಗಪ್ಪನದು. ತಂಗಿಯ ಗಂಡ ಮಾರೆಪ್ಪನನ್ನು ಕರೆದುಕೊಂಡು ಮೂರು ದಿನ ಹೊರಡುವವನಿದ್ದ. ಮಾರೆಪ್ಪ ಒಣಭೂಮಿಯ ಊರಿನವನು, ಈಜು ಬಾರದವನು. ಹೊಳೆಯಲ್ಲಿ ಬಲೆ ಬೀಸಬೇಕೆಂಬ ಆಸೆ ಮಾತ್ರ ಅವನಿಗೆ ಬಹಳ.

ಹುಲುಗಪ್ಪ ಹಾಳೆ ಓದಿದ. ಮೊದಲ ದಿನ ಊರ ಮಗ್ಗುಲ ಸಣ್ಣ ಕೆರೆ, ಜೊಂಡಿನ ಬುಡದಲ್ಲಿ ಗಾಳ ಹಾಕಿ ಕೊರವನ ಮೀನು ಹಿಡಿಯುವುದು. ಎರಡನೇ ದಿನ ದೊಡ್ಡ ಕೆರೆ, ಗುತ್ತಿಗೆ ಹಿಡಿದವರ ಒಪ್ಪಿಗೆ ಆಗಿದೆ. ಮೂರನೇ ದಿನ ಹೊಳೆ, ಆನೆಬಂಡೆಯ ಹತ್ತಿರ, ಬೀಸುಬಲೆ. ಐಸು, ಥರ್ಮಾಕೋಲ್ ಡಬ್ಬಿ, ಬುತ್ತಿ, ಬೆಂಕಿಪೆಟ್ಟಿಗೆ, ಯಾವುದನ್ನೂ ಅವನು ಬಿಟ್ಟಿರಲಿಲ್ಲ.

ಅಜ್ಜ ಎಲ್ಲ ಕೇಳಿ, "ಆನೆಬಂಡಿ ಹತ್ರ ನೀರು ಎಷ್ಟದಾವು?" ಎಂದ.

"ಮೊಣಕಾಲುದ್ದ ರೀ ಅಜ್ಜಾರ. ಮೂರು ವರ್ಷದ ಹಿಂದ ನಾನ ನಡದೀನಿ."

"ಮೂರು ವರ್ಷದ ಹಿಂದಿನ ಹೊಳಿ ಈಗ ಎಲ್ಲಿಗೆ ಮುಟ್ಟಿರಬೇಕು?"

ಹುಲುಗಪ್ಪ ಯೋಚಿಸಿ, ಸಮುದ್ರ ಸೇರಿರಬೇಕು ಎಂದ. ಒಗಟು ಬಿಡಿಸಿದೆನೆಂದು ಅವನಿಗೆ ಒಳಗೊಳಗೇ ಹಿಗ್ಗಾಯಿತು.

ಅಜ್ಜ ಎದ್ದು ಹೋಗಿ ಒಳಗಿದ್ದ ತನ್ನ ಬಿದಿರಿನ ಗಳ ತಂದ. ಎರಡಾಳುದ್ದದ ಗಳ. ಅದಿಲ್ಲದೆ ಅಜ್ಜ ಎಂದೂ ನೀರಿಗೆ ಇಳಿದವನಲ್ಲ. ಮುದುಕ, ಆಸರೆಗೆ ಹಿಡಿಯುತ್ತಾನೆ ಎಂದೇ ಶಿಷ್ಯರು ತಿಳಿದಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

"ನಿನಗಿಂತ ಮುಂದ ಇದನ್ನ ಕಳಸು" ಎಂದು ಅಜ್ಜ ಗಳವನ್ನು ಶಿಷ್ಯನ ಕೈಗಿಟ್ಟ.

ಹುಲುಗಪ್ಪನ ಕಣ್ಣು ತುಂಬಿ ಬಂತು. ಗುರು ತನ್ನ ಗಳವನ್ನೇ ಮುಟ್ಟಲು ಕೊಟ್ಟು ಹರಸಿದ ಎಂದುಕೊಂಡ. ಅದನ್ನು ಹಣೆಗೆ ಒತ್ತಿಕೊಂಡ, ಅಡ್ಡಬಿದ್ದ, ಆಮೇಲೆ ಭಕ್ತಿಯಿಂದ ಹೊರಗಿನ ಗೋಡೆಗೆ ಒರಗಿಸಿಟ್ಟ. ಅಷ್ಟುದ್ದದ ಗಳವನ್ನು ಮೋಟರ್‌ ಸೈಕಲ್ ಮೇಲೆ ಒಯ್ಯುವುದಾದರೂ ಹೇಗೆ?

ಅವನು ಗಾಡಿ ಹತ್ತಿ ಹೋಗುವುದನ್ನು ಅಜ್ಜ ಬಾಗಿಲಲ್ಲಿ ನಿಂತು ನೋಡಿದ. ಗೋಡೆಗೆ ಒರಗಿದ್ದ ಗಳವನ್ನೂ ನೋಡಿದ. ಕೂಗಿದರೆ ಕೇಳುವಷ್ಟು ದೂರದಲ್ಲೇ ಶಿಷ್ಯ ಇದ್ದ.

ಅಜ್ಜ ಕೂಗಲಿಲ್ಲ. ಮುಗುಳ್ನಕ್ಕು ಒಳಗೆ ಹೋದ.

ಸಣ್ಣ ಕೆರೆಯಲ್ಲಿ ಏಳು ಕೊರವನ ಮೀನು ಸಿಕ್ಕವು. ದೊಡ್ಡ ಕೆರೆಯಲ್ಲಿ ಮಾರೆಪ್ಪ ಮೊದಲ ಬಾರಿ ಬಲೆ ಬೀಸಿ, ಬಲೆಯ ಜೊತೆ ತಾನೂ ಬಿದ್ದು, ಕೆಸರು ಮೆತ್ತಿಕೊಂಡು ಎದ್ದ. ಹೊಟ್ಟೆ ಹಿಡಿದುಕೊಂಡು ಇಬ್ಬರೂ ನಕ್ಕರು. ಆ ನಗು ಹುಲುಗಪ್ಪನನ್ನು ಇವತ್ತಿಗೂ ಬಿಟ್ಟಿಲ್ಲ.

ಮೂರನೇ ದಿನ ಬೆಳಿಗ್ಗೆ ಆನೆಬಂಡೆಗೆ ಬಂದರು. ಹೊಳೆಗೆ ಹೊಸ ನೀರು ಬಂದು ಕೆಂಪಗಿತ್ತು, ತಳ ಕಾಣುತ್ತಿರಲಿಲ್ಲ. ಹುಲುಗಪ್ಪ ಬಲೆಯ ಹಗ್ಗವನ್ನು ಮಾರೆಪ್ಪನ ಎಡಗೈಗೆ ತಾನೇ ಕಟ್ಟಿದ. ಬಲೆ ಕೈಬಿಟ್ಟು ಹೋಗದಿರಲೆಂದು ಬಿಗಿಯಾಗಿಯೇ ಕಟ್ಟಿದ. ಬಂಡೆಯ ತನಕ ಮೊಣಕಾಲು ನೀರು, ಹೆದರಬೇಡ, ಮುಂದೆ ನಡೆ ಎಂದ.

ಮಾರೆಪ್ಪ ಆರು ಹೆಜ್ಜೆ ನಡೆದ. ಏಳನೆಯದಕ್ಕೆ ಅವನು ಇರಲಿಲ್ಲ.

ಹುಲುಗಪ್ಪ ಹಾರಿ, ಮುಳುಗಿ, ಮತ್ತೆ ಮತ್ತೆ ಮುಳುಗಿ ಹುಡುಕಿದ. ಕಾಲಿಗೆ ನೆಲವೇ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರವರು ಬಂದು ಮೇಲೆತ್ತಿದರು. ಸೀಸದ ಗುಂಡು ಕಟ್ಟಿದ್ದ ಬಲೆ ಮಾರೆಪ್ಪನ ಮೈಗೆಲ್ಲ ಸುತ್ತಿಕೊಂಡಿತ್ತು. ಕೈಯ ಗಂಟನ್ನು ಬಿಚ್ಚಲಾಗದೆ ಕುಡುಗೋಲಿನಿಂದ ಕೊಯ್ದರು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಹುಲುಗಪ್ಪ ಗುಡಿಸಲಿಗೆ ಬಂದ. ಗಳ ಇಟ್ಟಲ್ಲೇ ಇತ್ತು. ಅವನು ಈ ಸಲ ಅಡ್ಡಬೀಳಲಿಲ್ಲ.

"ಅಜ್ಜಾರ, ಈ ಗಳ ಯಾಕ ಕೊಟ್ರಿ?"

ಆರು ವರ್ಷದಲ್ಲಿ ಶಿಷ್ಯ ಕೇಳದಿದ್ದ ದನಿಯಲ್ಲಿ ಅಜ್ಜ ಹೇಳಿದ.

"ಬ್ಯಾಸಿಗ್ಯಾಗ ಅಲ್ಲಿ ಉಸುಕು ತಗದ್ರು. ಎರಡಾಳುದ್ದ ಗುಂಡಿ ಬಿದ್ದಾವು. ಊರಿ ನೋಡಿ ಇಳೀಲಿ ಅಂತ ಕೊಟ್ಟೆ."

"ಹಂಗಂತ ಹೇಳಬೇಕಿತ್ತಲ್ರೀ."

"ಹೇಳಬೇಕಿತ್ತು."

"ನಾ ಬಿಟ್ಟು ಹೋಗಿದ್ದು ನೋಡಿದ್ರೇನು?"

"ನೋಡಿದೆ. ಹೊಳಿ ಕಲಸ್ತೈತಿ ಬಿಡು ಅಂತ ಸುಮ್ನಾದೆ."

ಹುಲುಗಪ್ಪ ನೆಲಕ್ಕೆ ಕುಸಿದು ಅತ್ತ. ತಂಗಿ ಹನ್ನೊಂದು ದಿನದಿಂದ ತನ್ನ ಮುಖ ನೋಡಿಲ್ಲ ಎಂದ. ಗಂಟು ಕಟ್ಟಿದವನು ನಾನೇ ಎಂದು ಅದನ್ನೇ ಹೇಳಿ ಹೇಳಿ ಅತ್ತ. ಅಜ್ಜ ಗಳ ಹೆಗಲಿಗೇರಿಸಿಕೊಂಡು, ತಿಪ್ಪಮ್ಮನ ಊರಿನ ದಾರಿ ಹಿಡಿದ. ಶಿಷ್ಯ ಹಿಂದೆ ನಡೆದ.

ತಿಪ್ಪಮ್ಮ ಹೊಸ್ತಿಲ ಮೇಲೆ ಕುಳಿತಿದ್ದಳು. ಮಗನ ಜವಳ ಆಗಿರಲಿಲ್ಲ, ಕೂದಲು ಕಣ್ಣಿಗೆ ಬೀಳುತ್ತಿತ್ತು. ಅಜ್ಜ ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದ. ಗುಂಡಿ ತನಗೆ ಗೊತ್ತಿತ್ತು, ನಿಮ್ಮಣ್ಣನಿಗೆ ಗೊತ್ತಿರಲಿಲ್ಲ ಎಂದ. ಒಂದು ಮಾತನ್ನೂ ಸುತ್ತಿ ಬಳಸಲಿಲ್ಲ.

ಅವಳು ಕೇಳಿದ್ದು ಒಂದೇ.

"ಗೊತ್ತಿದ್ದದ್ದು ಹೇಳಾಕ ಬಾಯಿ ಇರಲಿಲ್ಲೇನು ಅಜ್ಜಾ?"

ಮಗನನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ಅಲ್ಲಿಂದ ಅಜ್ಜ ಗುಡಿಸಲಿಗೆ ಮರಳಲಿಲ್ಲ. ಆನೆಬಂಡೆಗೆ ಹೋಗಿ, ನೀರಲ್ಲಿ ಊರಿ ಊರಿ ಗುಂಡಿಯ ಅಂಚು ಹುಡುಕಿ, ಅಲ್ಲಿ ಗಳ ನೆಟ್ಟ. ತನ್ನ ತಲೆವಸ್ತ್ರ ಬಿಚ್ಚಿ ಅದರ ತುದಿಗೆ ಕಟ್ಟಿದ. ಬಿಸಿಲು ಮಳೆ ಎನ್ನದೆ ದಂಡೆಯ ಮೇಲೆ ಕುಳಿತ. ದನ ಮೈತೊಳೆಯಲು ಬಂದವರಿಗೆ, ಬಟ್ಟೆ ಒಗೆಯಲು ಬಂದವರಿಗೆ, ಗಾಳ ಹಿಡಿದು ಬಂದವರಿಗೆ ಒಂದೇ ಮಾತು ಹೇಳುತ್ತಿದ್ದ. ಅಜ್ಜನಿಗೆ ಅರಳುಮರುಳು ಎಂದು ಕೆಲವರು ಆಡಿಕೊಂಡರು. ಹುಲುಗಪ್ಪ ದಿನಾ ಬುತ್ತಿ ತಂದಿಟ್ಟು ಪಕ್ಕದಲ್ಲಿ ಕೂರುತ್ತಿದ್ದ.

ಒಂದು ದಿನ ಪಟ್ಟಣದಿಂದ ಒಬ್ಬ ಮೇಷ್ಟ್ರು ಅಜ್ಜನ ಕೀರ್ತಿ ಕೇಳಿ ಬಂದರು. ಕೈಮುಗಿದು, ಈ ಸಂಸಾರವನ್ನು ದಾಟುವುದು ಹೇಗೆಂದು ಕೇಳಿದರು.

"ಇಲ್ಲಿ ಗುಂಡಿ ಐತಿ. ಇಳೀಬ್ಯಾಡ್ರಿ" ಎಂದ ಅಜ್ಜ.

ಮೇಷ್ಟ್ರು ರೋಮಾಂಚನಗೊಂಡರು. ಎಂಥ ಮಾತು, ಎಷ್ಟು ಆಳ ಎಂದರು. ಕಣ್ಣು ಮುಚ್ಚಿ ಅದನ್ನೇ ಎರಡು ಸಲ ಹೇಳಿಕೊಂಡರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಕಾಲು ತೊಳೆದುಕೊಳ್ಳಲು ಹೊಳೆಗೆ ಇಳಿಯತೊಡಗಿದರು.

ಅಜ್ಜ ಎದ್ದು ಓಡಿ ಅವರ ರಟ್ಟೆ ಹಿಡಿದು ದಂಡೆಗೆ ಎಳೆದ.

"ಒಗಟಲ್ರೀ ಇದು. ಇಲ್ಲಿ ಗುಂಡಿ ಐತಿ. ನಾ ಹೇಳಲಿಲ್ಲ ಅಂತ ಒಬ್ಬ ಸತ್ತಾನ."