ಎತ್ತಿನ ದಲಾಲಿ ಮತ್ತು ಹಾಕಿ ಆಟಗಾರ

ಸಿಂಗನಕೇರಿ ಎಂಬ ಊರಲ್ಲಿ ಕೊಟ್ರಬಸಪ್ಪ ಎಂಬ ಎತ್ತಿನ ದಲಾಲಿ ಇದ್ದ. ಸುತ್ತ ಏಳೂರಿನ ದನದ ಸಂತೆಯಲ್ಲಿ ಅವನ ಮಾತೇ ಮಾತು. ಎತ್ತಿನ ಬಾಯಿ ತೆರೆದು ಹಲ್ಲು ನೋಡಿದನೆಂದರೆ ಅದರ ವಯಸ್ಸು ಹೇಳುತ್ತಿದ್ದ. ನಾಲ್ಕು ಹೆಜ್ಜೆ ನಡೆಸಿದನೆಂದರೆ ಅದು ಇನ್ನೆಷ್ಟು ವರ್ಷ ನೇಗಿಲು ಎಳೆದೀತು ಎಂದು ಹೇಳುತ್ತಿದ್ದ. ಮಾರುವವನು ಕೊಂಬಿಗೆ ಎಷ್ಟೇ ಬಣ್ಣ ಬಳಿಯಲಿ, ಎಷ್ಟೇ ಗೊಂಡೆ ಕಟ್ಟಲಿ, ಕೊಟ್ರಬಸಪ್ಪನ ಕಣ್ಣು ನೆಟ್ಟಗೆ ಕಾಲಿಗೇ ಹೋಗುತ್ತಿತ್ತು.

ಇಂಥ ಜಾಣ ಒಮ್ಮೆ ಶುದ್ಧ ದಡ್ಡತನ ಮಾಡಲು ಹೊರಟ. ನಗಬೇಡಿ. ಪ್ರೀತಿ ಹೆಚ್ಚಾದಾಗ ನಾವು ನೀವೂ ಅದನ್ನೇ ಮಾಡುತ್ತೇವೆ.

ಆ ಊರಿಗೆ ಹಾಕಿ ಎಂದರೆ ಪ್ರಾಣ. ನೇಕಾರರು ಮಗ್ಗ ನಿಲ್ಲಿಸಿ ಆಟ ನೋಡಲು ಬರುತ್ತಿದ್ದರು. ಕೊಟ್ರಬಸಪ್ಪ ದಲಾಲಿಯಲ್ಲಿ ದುಡಿದು ದನದ ಹಿಂಡಿಯ ಗಿರಣಿ ಹಾಕಿದ. ಗಿರಣಿಯಲ್ಲಿ ದುಡಿದು ಒಂದು ಹಾಕಿ ತಂಡ ಕಟ್ಟಿದ. ಆಟಗಾರರಿಗೆಲ್ಲ ವರ್ಷದ ಸಂಬಳ, ಬೆಳಿಗ್ಗೆ ಹಾಲು, ಮೊಟ್ಟೆ. ಮಕ್ಕಳಿಲ್ಲದ ಅವನಿಗೆ ಆ ಹದಿನೈದು ಜನರೇ ಮಕ್ಕಳು.

ಹದಿನೈದರಲ್ಲಿ ಒಬ್ಬ ಕಣ್ಮಣಿ. ಅವನ ಹೆಸರು ಯಮನೂರ. ತಂಡದ ಮುಂದಾಳು, ಗೋಲು ಹೊಡೆಯುವವನು. ಚೆಂಡು ಅವನ ಸ್ಟಿಕ್ಕಿಗೆ ಬಂತೆಂದರೆ ಮೈದಾನದ ಸುತ್ತ ಕೂತವರು ತಾವಾಗಿಯೇ ಎದ್ದು ನಿಲ್ಲುತ್ತಿದ್ದರು. ಮೂರು ವರ್ಷ ಸಾಲಾಗಿ ಅವನೇ ಊರಿಗೆ ಕಪ್ ತಂದುಕೊಟ್ಟ. ಪ್ರತಿ ಸಲವೂ ಕೊಟ್ರಬಸಪ್ಪ ಅವನನ್ನು ಅಪ್ಪಿಕೊಂಡು ಜನರೆದುರೇ ಗಳಗಳ ಅತ್ತ. ನಾಚಿಕೆಯೇನೂ ಪಡಲಿಲ್ಲ.

ಹೀಗಿರುವಾಗ ಪಕ್ಕದ ಜಿಲ್ಲೆಯ ಸಕ್ಕರೆ ಸಾಹುಕಾರನೊಬ್ಬ ಯಮನೂರನ ಮನೆಗೆ ಕಾರು ಕಳಿಸಿದ. ‘ನನ್ನ ತಂಡಕ್ಕೆ ಬಾ. ಐದು ವರ್ಷದ ಕರಾರು. ಈಗಿನ ಸಂಬಳದ ಮೂರು ಪಟ್ಟು’ ಎಂದು ಹೇಳಿ ಕಳಿಸಿದ್ದ.

ಸುದ್ದಿ ಕೇಳಿ ಕೊಟ್ರಬಸಪ್ಪನಿಗೆ ಊಟ ಸೇರಲಿಲ್ಲ. ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಪುಡಿ ಮಾಡಿದ.

"ಅಂವ ಐದು ಅಂದ್ರ ನಾ ಹತ್ತು ಅಂತೀನಿ," ಎಂದ ಹೆಂಡತಿಗೆ. "ಹತ್ತು ವರ್ಷದ ಕರಾರು. ಅದ ಮೂರು ಪಟ್ಟು ಸಂಬಳ. ಹುಡುಗ ಎಲ್ಲೂ ಹೋಗೂದಿಲ್ಲ."

ಹೆಂಡತಿ ದುಂಡವ್ವ ಕಡಿಮೆ ಮಾತಿನವಳು. ಆಡಿದ ಮಾತು ಮಾತ್ರ ಮುಳ್ಳಿನ ಹಾಗೆ ನಾಟುತ್ತಿತ್ತು.

"ರೊಕ್ಕ ಎಲ್ಲಿಂದ ತರ್ತೀರಿ?"

"ನಾಲ್ಕು ಮಂದೀನ ಬಿಡ್ತೀನಿ. ಆ ಮಾಬುಸಾಬ, ಗೋಲ್‌ಕೀಪರ್ ತಿರಕಪ್ಪ, ಮತ್ತ ಇನ್ನಿಬ್ರು. ಅವ್ರ ಸಂಬಳ ಎಲ್ಲಾ ಯಮನೂರಗ ಕೊಟ್ರ ಆತು. ಅವ್ರ ಜಾಗಾಕ್ಕ ಹೊಸಾ ಹುಡುಗ್ರು ಸಿಗ್ತಾರ."

"ಹೌದಾ? ಅಲ್ರಿ, ಮೂರು ವರ್ಷ ಯಮನೂರಗ ಚೆಂಡು ತಂದು ಕೊಟ್ಟಾಂವ ಯಾರು?"

ಯಾರೆಂದು ಕೊಟ್ರಬಸಪ್ಪನಿಗೂ ಗೊತ್ತು. ಮಾಬುಸಾಬನೇ. ಎಡಗಡೆಯಿಂದ ಚೆಂಡು ಕದ್ದು, ಯಮನೂರ ಎಲ್ಲಿ ಓಡುತ್ತಾನೆ ಎಂದು ಮೊದಲೇ ಅಂದಾಜು ಮಾಡಿ, ಅಲ್ಲಿಗೇ ತಳ್ಳುತ್ತಿದ್ದವನು.

"ಎತ್ತು ಕೊಳ್ಳೂವಾಗ ಹಲ್ಲು ಎಣಸ್ತೀರಿ," ಎಂದಳು ದುಂಡವ್ವ. "ಈ ಹುಡುಗನ್ನ ಕೊಳ್ಳೂವಾಗ ಬರೇ ಕೊರಳಾಗಿನ ಹಾರ ಎಣಸಾಕತ್ತೀರಿ."

"ನಿನಗೇನ್ ತಿಳೀತದ ಹಾಕಿ? ಸುಮ್ಮನ ಕೂಡು," ಎಂದು ಗದರಿ ಕೈ ತೊಳೆದ. ಗದರಿದನೇ ಹೊರತು ಮಾತು ಮನಸ್ಸಿನಿಂದ ಹೋಗಲಿಲ್ಲ.

ಎರಡು ದಿನ ಕಳೆದ ಮೇಲೆ ಒಂದು ಪರೀಕ್ಷೆ ಮಾಡಿದ. ಅಭ್ಯಾಸದ ಆಟದಲ್ಲಿ ಯಮನೂರನನ್ನು ಊರಿನ ಹೊಸ ಹುಡುಗರ ಜೊತೆ ಹಾಕಿದ. ಮಾಬುಸಾಬ, ತಿರಕಪ್ಪ ಮತ್ತು ಉಳಿದ ಹಳಬರನ್ನು ಎದುರು ಪಕ್ಷಕ್ಕೆ ಕಳಿಸಿದ.

ಏನಾಗಬೇಕೋ ಅದೇ ಆಯಿತು. ಯಮನೂರ ಮುಂದೆ ನಿಂತು ಚೆಂಡಿಗಾಗಿ ಕಾದ. ಚೆಂಡು ಬರಲಿಲ್ಲ. ಬಂದರೂ ಹಿಂದೆಯೋ ಮುಂದೆಯೋ ಬಂತು. ಕೊನೆಗೆ ತಾನೇ ಹಿಂದಕ್ಕೆ ಓಡಿ, ಚೆಂಡು ಕಸಿದು, ಆರು ಮಂದಿಯನ್ನು ದಾಟಿ ಒಂದು ಗೋಲು ಹೊಡೆದ. ಅಬ್ಬಾ, ಎಂಥ ಗೋಲು! ಅದಕ್ಕೆ ಮಾಬುಸಾಬನೇ ಚಪ್ಪಾಳೆ ತಟ್ಟಿದ. ಆದರೆ ಹಳಬರು ನಾಲ್ಕು ಗೋಲು ಹೊಡೆದಿದ್ದರು. ಆಟ ಮುಗಿದ ಮೇಲೆ ಯಮನೂರ ಬೇವಿನ ಕಟ್ಟೆಯ ಮೇಲೆ ಕೂತು ಬಲ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತಿದ್ದ.

ಕೊಟ್ರಬಸಪ್ಪ ಕಂಡ. ಕಂಡೂ ಮುಖ ತಿರುಗಿಸಿದ. ‘ದಣಿವು, ಅಷ್ಟೇ’ ಎಂದುಕೊಂಡ. ಆ ಜಾಗದಲ್ಲಿ ಒಂದು ಎತ್ತು ಕಾಲು ನೋವು ತೋರಿಸಿದ್ದರೆ ಸಂತೆಯಿಂದಲೇ ಓಡಿಸುತ್ತಿದ್ದ ಮನುಷ್ಯ! ಹುಡುಗ ಹೋಗಿಬಿಟ್ಟರೆ ಎಂಬ ಭಯ ಅವನ ವಿದ್ಯೆಯನ್ನೆಲ್ಲ ನುಂಗಿಹಾಕಿತ್ತು. ಹತ್ತು ವರ್ಷದ ಕರಾರಿಗೆ ಸೋಮವಾರ ಬಾ ಎಂದು ಯಮನೂರನಿಗೆ ಹೇಳಿ ಕಳಿಸಿದ.

ಸಿಂಗನಕೇರಿಯಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ವ್ಯಾಪಾರ ಯಾವುದೇ ಇರಲಿ, ಬಾಯಲ್ಲಿ ಆಡುತ್ತಿರಲಿಲ್ಲ. ಇಬ್ಬರೂ ಎದುರುಬದುರು ಕೂತು, ಕೈಗಳ ಮೇಲೆ ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಲೆಕ್ಕ ಹೇಳುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಇಡೀ ಅಂಗೈ ಹಿಡಿದರೆ ಐದು. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದು ಬಿಟ್ಟರೆ ಏನೂ ಕಾಣದು. ಒಳಗೆ ಏನು ಕುದುರಿತು ಎಂದು ಅಲ್ಲೇ ಕೇಳುವಂತೆಯೂ ಇಲ್ಲ.

ಯಮನೂರ ತನ್ನ ಸೋದರಮಾವ ಭರಮಪ್ಪನ ಜೊತೆ ಬಂದ. ಅಪ್ಪ ತೀರಿದ ಮೇಲೆ ಅವನನ್ನು ಸಾಕಿದವನು ಈ ಮಾವನೇ. ಅವನೂ ಕೆಟ್ಟವನಲ್ಲ. ಅಳಿಯನಿಗೊಂದು ಮನೆ ಆಗಲಿ, ಕೊನೆಯವರೆಗೂ ಅನ್ನಕ್ಕೆ ಕೊರತೆ ಬಾರದಿರಲಿ ಎಂಬ ಆಸೆ. ದಾರಿಯುದ್ದಕ್ಕೂ ಕಿವಿಯಲ್ಲಿ ಊದಿಕೊಂಡೇ ಬಂದಿದ್ದ: "ಹತ್ತಕ್ಕ ಕಡಿಮಿ ಒಪ್ಪಬ್ಯಾಡ. ಕೊಡೂ ಕೈ ಸಿಕ್ಕಾಗ ಹಿಡಕೋಬೇಕು."

ಗಿರಣಿಯ ಜಗುಲಿಯಲ್ಲಿ ಕಂಬಳಿ ಹಾಸಿತ್ತು. ಅರ್ಧ ಊರು ಅಂಗಳದಲ್ಲಿ ನಿಂತಿತ್ತು. ಮಾಬುಸಾಬನೂ ಒಂದು ಮೂಲೆಯಲ್ಲಿ ನಿಂತಿದ್ದ. ತನ್ನ ಸಂಬಳ ಹೋಗುವ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಆದರೂ ಗೆಳೆಯನ ಒಳ್ಳೆಯ ದಿನ ಎಂದು ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ಟವೆಲ್ ಹೊದಿಸಿದರು. ಕೊಟ್ರಬಸಪ್ಪ ಯಮನೂರನ ಇಡೀ ಅಂಗೈ ಹಿಡಿದು ಒತ್ತಿದ. ಬಿಟ್ಟು ಮತ್ತೊಮ್ಮೆ ಒತ್ತಿದ. ಹತ್ತು ವರ್ಷ.

ಯಮನೂರ ತನ್ನ ಕೈ ಬಿಡಿಸಿಕೊಂಡು ಕೊಟ್ರಬಸಪ್ಪನ ಎರಡು ಬೆರಳು ಹಿಡಿದ.

‘ಹತ್ತರ ಮೇಲೆ ಮತ್ತೆರಡೇ? ಹನ್ನೆರಡು ಕೇಳುತ್ತಿದ್ದಾನಲ್ಲಪ್ಪಾ!’ ಕೊಟ್ರಬಸಪ್ಪನ ಹಣೆಯಲ್ಲಿ ಬೆವರು ಬಂತು. ಒಂದು ಕ್ಷಣ ಸಿಟ್ಟೂ ಬಂತು. ಆದರೆ ಭಯ ಸಿಟ್ಟಿಗಿಂತ ದೊಡ್ಡದು. ಆಗಲಿ, ಹೋಗಲಿ ಎಂದುಕೊಂಡು ಅಂಗೈಯನ್ನು ಎರಡು ಸಲ ಒತ್ತಿ, ಮೇಲೆ ಎರಡು ಬೆರಳು ಹಿಡಿದ. ಹನ್ನೆರಡಕ್ಕೂ ಒಪ್ಪಿಬಿಟ್ಟಿದ್ದ, ನೋಡಿ!

ಯಮನೂರ ತಲೆ ಅಡ್ಡಡ್ಡ ಆಡಿಸಿದ. ಕೊಟ್ರಬಸಪ್ಪನ ಕೈಯನ್ನು ಪೂರ್ತಿ ದೂರ ತಳ್ಳಿದ. ಅಂದರೆ ಹಿಂದಿನ ಲೆಕ್ಕವೆಲ್ಲ ಅಳಿಸಿತು ಎಂದು ಅರ್ಥ. ಆಮೇಲೆ ಮತ್ತೆ ಅದೇ ಎರಡು ಬೆರಳು ಹಿಡಿದ. ನೋವಾಗುವಷ್ಟು ಗಟ್ಟಿಯಾಗಿ ಹಿಡಿದ.

ಎರಡು. ಬರೀ ಎರಡು ವರ್ಷ.

ಕೊಟ್ರಬಸಪ್ಪ ತಲೆ ಎತ್ತಿ ನೋಡಿದ. ಹುಡುಗನ ಕಣ್ಣು ತುಂಬಿತ್ತು.

"ಕುದುರಿತೇನ್ರಿ?" ಎಂದ ಭರಮಪ್ಪ, ತಡೆಯಲಾರದೆ.

"ತಡಿಯೋ ಮಾರಾಯಾ," ಎಂದು ಕೊಟ್ರಬಸಪ್ಪ ಟವೆಲ್ ಸಮೇತ ಎದ್ದ. ಯಮನೂರನ ಕೈ ಬಿಡದೆ ಅವನನ್ನು ಗಿರಣಿಯ ಒಳಗೆ, ಹಿಂಡಿ ಚೀಲಗಳ ಮಧ್ಯೆ ಕರೆದೊಯ್ದ. ಸಂತೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ ವ್ಯಾಪಾರದ ನಡುವೆ ಎದ್ದಿದ್ದು ಅದೇ ಮೊದಲು.

"ಏನೋ ಇದು? ತಲಿ ಕೆಟ್ಟೈತೇನು ನಿನಗ? ಸಕ್ಕರಿ ಸಾವುಕಾರನ ಕಡೆ ಹೋಗಾಂವ ಅದಿ ಏನು? ಹಂಗಿದ್ರ ಬಾಯಿ ಬಿಟ್ಟು ಹೇಳು."

"ಇಲ್ಲ ಕಾಕಾ. ಅಲ್ಲಿ ಚೆಂಡು ಕೊಡಾಕ ಮಾಬುಸಾಬ ಇರೂದಿಲ್ಲ. ನೀವು ಅವನ್ನ ಬಿಟ್ರ ಇಲ್ಲೂ ಇರೂದಿಲ್ಲ. ಮೊನ್ನಿ ಆಟ ನೀವೂ ನೋಡಿದ್ರಲ್ಲ?"

ಕೊಟ್ರಬಸಪ್ಪ ಹಿಡಿದ ಕೈ ಬಿಟ್ಟು ಟವೆಲ್ ಮಡಚತೊಡಗಿದ. ಯಮನೂರ ಮುಂದುವರಿಸಿದ:

"ಮತ್ತ ನನ್ನ ಮೊಣಕಾಲು ನನಗ ಗೊತ್ತೈತಿ. ಎರಡು ವರ್ಷ ಓಡ್ತೈತಿ. ಮುಂದಿಂದು ದೇವರಿಗೆ ಗೊತ್ತು. ಕಾಕಾ, ನೀವು ಸಂತಿಯೊಳಗ ಮೊದಲ ಕಾಲು ನೋಡಾವ್ರು. ನನ್ನ ಕಾಲು ಯಾಕ ನೋಡ್ಲಿಲ್ಲ?"

ಕೊಟ್ರಬಸಪ್ಪ "ನಿನ್ನ ಮುಖಾ ನೋಡಿದ್ನೆಪಾ," ಎಂದ. "ಕಾಲು ನೋಡಾಕ ಮನಸಾಗ್ಲಿಲ್ಲ."

ಇಬ್ಬರೂ ಹಿಂಡಿ ಚೀಲದ ಮೇಲೆ ಕೂತರು. ಯಮನೂರ ಸುಳ್ಳು ಹೇಳಲಿಲ್ಲ. ಹತ್ತು ವರ್ಷದ ಆಸೆ ತನಗೂ ಆಗಿತ್ತು ಎಂದ. ಮನೆ ಎಲ್ಲಿ ಕಟ್ಟುವುದು, ಬಾಗಿಲು ಯಾವ ದಿಕ್ಕಿಗೆ ಎಂದು ಹೆಂಡತಿಯ ಜೊತೆ ಮಾತೂ ಆಗಿತ್ತು ಎಂದ.

"ಮತ್ಯಾಕ ಬ್ಯಾಡ ಅಂದಿ? ಕೊಡಾಂವ ನಾ ಕೊಡಾಕತ್ತೀನಿ. ಕುಂತು ತಿನ್ನು."

"ಕುಂತು ತಿನ್ನಾಂವಗ ಕುಡಿಕೆ ಹೊನ್ನೂ ಸಾಲೂದಿಲ್ಲ ಕಾಕಾ. ಅದೂ ಹೋಗ್ಲಿ. ಆರನೇ ವರ್ಷ ನಾ ಕುಂಟಕೋತ ಮೈದಾನದ ಅಂಚಿನ್ಯಾಗ ಕುಂತಿರ್ತೀನಿ. ತಂಡ ಸೋಲ್ತಿರ್ತೈತಿ. ಸಂಬಳ ಮಾತ್ರ ನನಗ ಬರ್ತಿರ್ತೈತಿ. ಆವತ್ತು ನೀವು ನನ್ನ ಹಿಂಗ ನೋಡ್ತೀರೇನು, ಈಗ ನೋಡಾಕತ್ತೀರಲ್ಲ, ಹಿಂಗ?"

ಕೊಟ್ರಬಸಪ್ಪ ‘ನೋಡ್ತೀನಿ’ ಎನ್ನಲು ಬಾಯಿ ತೆರೆದ. ಆದರೆ ನಲವತ್ತು ವರ್ಷ ವ್ಯಾಪಾರ ಮಾಡಿದವನು. ಕೊಟ್ಟ ದುಡ್ಡು ದುಡಿಯದೆ ಮಲಗಿದರೆ ಮನುಷ್ಯನ ಕಣ್ಣು ಹೇಗೆ ಬದಲಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಈ ನೋಟ ಕಳಕೊಳ್ಳಾಕ ನಾ ತಯಾರಿಲ್ಲ ಕಾಕಾ. ಅಪ್ಪ ಹೋದ ಮ್ಯಾಲೆ ನನ್ನ ಹಿಂಗ ನೋಡಿದಾವ್ರು ನೀವು ಒಬ್ರ."

ಕೊಟ್ರಬಸಪ್ಪ ಕೈಯಲ್ಲಿದ್ದ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಮೂಗನ್ನೂ ಒರೆಸಿಕೊಂಡ.

ಆಗ ಯಮನೂರ ಸಣ್ಣಗೆ ಕೆಮ್ಮಿದ. "ಆದ್ರ ಕಾಕಾ, ಆ ಎರಡು ವರ್ಷದ ಸಂಬಳ ಗಟ್ಟಿ ಆಗಬೇಕು. ಎರಡು ಪಟ್ಟು. ಅದರಾಗ ಚೌಕಾಸಿ ಇಲ್ಲ. ಮನಿ ಬಾಗಿಲಾ ಮೂಡಲಕ್ಕ ಅಂತ ನನ್ನ ಹೆಂಡ್ತಿ ಪಕ್ಕಾ ಮಾಡ್ಯಾಳ."

ಕೊಟ್ರಬಸಪ್ಪ ಅಳುತ್ತಿದ್ದವನು ಹೋ ಎಂದು ನಕ್ಕ. ಆ ನಗು ಅಂಗಳದವರೆಗೂ ಕೇಳಿಸಿತು. "ಭಪ್ಪರೆ ಮಗನ! ಕಾಲು ಹೋದ್ರೂ ನೀ ಸಂತಿಯೊಳಗ ಬದುಕ್ತೀ ಬಿಡು!"

ಕರಾರು ಎರಡು ವರ್ಷಕ್ಕೆ ಆಯಿತು, ಎರಡು ಪಟ್ಟು ಸಂಬಳಕ್ಕೆ. ಅದಕ್ಕಾಗಿ ಕೊಟ್ರಬಸಪ್ಪ ಯಾರನ್ನೂ ಬಿಡಬೇಕಾಗಲಿಲ್ಲ. ಗಿರಣಿಯ ಮುಂದೆ ಹೊಸ ಕಾರು ನಿಲ್ಲಿಸುವ ಆಸೆಯೊಂದನ್ನು ಬಿಟ್ಟ, ಅಷ್ಟೇ. ಭರಮಪ್ಪ ಒಂದು ತಿಂಗಳು ಅಳಿಯನ ಜೊತೆ ಮಾತು ಬಿಟ್ಟ. ಹೊಸ ಮನೆಯ ಪಾಯ ತೋಡುವ ದಿನ ತಾನೇ ಗುದ್ದಲಿ ಹಿಡಿದು ಬಂದ.

ಮೊದಲ ವರ್ಷ ಕಪ್ ಬಂತು. ಮಾಬುಸಾಬ ಕೊಟ್ಟ, ಯಮನೂರ ಹೊಡೆದ. ಎರಡನೇ ವರ್ಷ ಬರಲಿಲ್ಲ. ಆ ವರ್ಷದ ಕೊನೆಯ ಆಟದಲ್ಲಿ ಮೊಣಕಾಲು ಬಾತು, ಯಮನೂರ ಅರ್ಧಕ್ಕೇ ಹೊರಗೆ ಬಂದ. ಸೋತಿದ್ದರೂ ಜನರೆಲ್ಲ ಎದ್ದು ನಿಂತು ಶಿಳ್ಳೆ ಹಾಕಿದರು. ‘ತಿಂದು ಕೂತ’ ಎಂದು ಒಬ್ಬನೂ ಅನ್ನಲಿಲ್ಲ. ಅನ್ನಲು ಕಾರಣವೇ ಇರಲಿಲ್ಲ.

ಸಕ್ಕರೆ ಸಾಹುಕಾರ ಬೇರೊಬ್ಬ ಹೆಸರಾಂತ ಆಟಗಾರನನ್ನು ಐದು ವರ್ಷಕ್ಕೆ ಕೊಂಡಿದ್ದ. ಎರಡನೇ ವರ್ಷವೇ ಆ ಹುಡುಗನ ಸೊಂಟ ಹಿಡಿಯಿತು. ಪಾಪ, ಅವನ ತಪ್ಪೇನೂ ಇರಲಿಲ್ಲ. ಆದರೆ ಸಾಹುಕಾರ ಕಂಡಲ್ಲೆಲ್ಲ ಚುಚ್ಚಿ ಮಾತಾಡುತ್ತಿದ್ದ. ಹುಡುಗನೂ ತಿರುಗಿ ಮಾತಾಡುತ್ತಿದ್ದ. ಈಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು ಕೇಳಿದ್ದೇನೆ.

ಮೂರನೇ ವರ್ಷದ ಮೊದಲ ದಿನ ಯಮನೂರನಿಗೆ ಆಟವೂ ಇಲ್ಲ, ಕರಾರೂ ಇಲ್ಲ. ಏನು ಮಾಡುವುದು ಎಂದು ತಿಳಿಯದೆ ಹೊಸ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಹೊತ್ತು ಏರುವ ಮೊದಲೇ ಕೊಟ್ರಬಸಪ್ಪ ಬಂದ. ಹಿಂದೆ ದುಂಡವ್ವ, ಅವಳ ಕೈಯಲ್ಲಿ ಹೋಳಿಗೆಯ ಬುಟ್ಟಿ.

"ಕಾಕಾ, ಇವತ್ತಿಂದ ನಾ ನಿಮ್ಮ ಆಟಗಾರ ಅಲ್ಲ," ಎಂದ ಯಮನೂರ.

"ಹೌದಪಾ, ಗೊತ್ತೈತಿ," ಎಂದ ಕೊಟ್ರಬಸಪ್ಪ, ಅವನ ಪಕ್ಕದಲ್ಲೇ ಕೂರುತ್ತಾ. "ಅದಕ್ಕ ಬಂದೀನಿ. ಇಷ್ಟು ದಿನ ನಮ್ಮಿಬ್ಬರ ನಡುವ ಸಂಬಳ ಅಡ್ಡ ಇತ್ತು. ಇನ್ಮ್ಯಾಲೆ ಅಡ್ಡ ಏನೂ ಇಲ್ಲ. ತಿನ್ನು, ಬಿಸಿ ಅದಾವು."

ನೀತಿ: ಆಡುವ ಕಾಲಿಗೆ ಕೈ ಬಿಚ್ಚಿ ಕೊಡಿ, ಅದರಲ್ಲಿ ಜಿಪುಣತನ ಬೇಡ. ಆದರೆ ನಿನ್ನೆಯ ಗೋಲು ನೋಡಿ ಹತ್ತು ವರ್ಷದ ಮುಂದಿನ ಕಾಲನ್ನು ಕೊಳ್ಳಬೇಡಿ. ಒಬ್ಬನನ್ನು ಉಳಿಸಿಕೊಳ್ಳಲು ಅವನಿಗೆ ಚೆಂಡು ಕೊಡುವವನನ್ನು ಕಳೆದುಕೊಳ್ಳಬೇಡಿ. ಪ್ರೀತಿಯಿದ್ದರೆ ಪ್ರೀತಿಯಾಗಿಯೇ ಕೊಡಿ. ಅದನ್ನು ಸಂಬಳದಲ್ಲಿ ಬೆರೆಸಿದರೆ ಕೊನೆಗೆ ಎರಡೂ ಕೆಡುತ್ತವೆ.