ಹೊನ್ನಲದೇವಿಗೆ ಹಸಿವಮ್ಮ ಒಲಿದದ್ದು

ಋತು ತಿರುಗುವ ಈ ಸೋಮವಾರ ಹಸಿವಮ್ಮನ ದೀಪ ಹಚ್ಚಿ ಕೂತ ಅಕ್ಕ ತಂಗಿಯರೇ, ಕೈಯಲ್ಲಿ ಅಕ್ಷತೆ ಹಿಡಿದು ಮನಸ್ಸಿಟ್ಟು ಕೇಳಿರಿ.

ಕನಕಾವತಿಯೆಂಬ ಪಟ್ಟಣವನ್ನು ಮಾರಭೂಪನೆಂಬ ಅರಸನು ಆಳುತ್ತಿರಲು, ಅವನ ಪಟ್ಟದರಾಣಿ ಹೊನ್ನಲದೇವಿಗೆ ತನ್ನಂತೆ ಬಡಿಸುವವರು ಯಾರೂ ಇಲ್ಲವೆಂದು ಬಲು ಹೆಮ್ಮೆ. ಉಂಡವರು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ, ಆ ಕೈಯ ಮೇಲೇ ತುಪ್ಪ ಸುರಿಯುವಳು. ಏಕಾದಶಿಯ ಉಪವಾಸವೆಂದರೆ ಅವಲಕ್ಕಿ, ಉಪ್ಪಿಟ್ಟು, ಹಾಲು, ಬಾಳೆಹಣ್ಣು, ಮತ್ತೊಂದು ಸುತ್ತು ಅವಲಕ್ಕಿ. ನಗಬೇಡಿರಮ್ಮ, ನಮ್ಮ ಮನೆಯಲ್ಲೂ ನೋಡಿದ್ದೇನೆ.

ಒಂದು ದಿನ ಹಸಿವಮ್ಮ ತಾಯಿ ಮುದುಕಿಯ ರೂಪದಲ್ಲಿ ಬಂದು, ನಾಲ್ಕು ತುತ್ತು ಉಂಡು, ಎಲೆಗೆ ಕೈ ಅಡ್ಡ ಹಿಡಿಯಲು, ರಾಣಿ ಬಿಸಿ ಪಾಯಸವನ್ನು ಆ ಕೈಯ ಮೇಲೇ ಸುರಿದು ನಕ್ಕಳು. ಕೈ ಸುಟ್ಟುಕೊಂಡ ತಾಯಿ ಎಲೆ ಬಿಟ್ಟು ಎದ್ದು ಹೋದಳು. ಅವಳ ಹಿಂದೆಯೇ ಅರಮನೆಯ ಹಸಿವೂ ಹೋಯಿತು.

ಅರಸನು ಅನ್ನ ಕಂಡರೆ ವಾಕರಿಸಿ, ಹೊಟ್ಟೆ ಉಬ್ಬಿ, ನಿದ್ದೆ ಕೆಟ್ಟು, ಮೈ ಇಳಿದು, ಹಾಸಿಗೆ ಹಿಡಿದನು. ವೈದ್ಯರು ಬರಿಹೊಟ್ಟೆಯ ಲಂಘನ ಹೇಳಿದರೆ, ತ್ರಾಣ ಬರಲೆಂದು ರಾಣಿ ಸೆರಗಿನ ಮರೆಯಲ್ಲಿ ಲಾಡು ತಂದು ತಿನ್ನಿಸುವಳು. ಅಯ್ಯೋ, ಪ್ರೀತಿಯಿಂದಲೇ! ಕೊನೆಗೆ ವೈದ್ಯರು ಕೈಚೆಲ್ಲಲು, ಗಂಡ ಉಳಿಯನೆಂದು ಎದೆಯೊಡೆದು ಅತ್ತ ರಾಣಿಗೆ, ಆ ಮುದುಕಿ ಎದ್ದುಹೋದ ದಿನದಿಂದಲೇ ಹೀಗಾಯಿತೆಂದು ಹೊಳೆಯಲು, ಅವಳು ಬರಿಗಾಲಲ್ಲಿ ಊರೆಲ್ಲ ಹುಡುಕಿ, ಮುದುಕಿಯ ಗುಡಿಸಲಿಗೆ ಹೋಗಿ ಕಾಲಿಗೆ ಬಿದ್ದಳು.

"ಸೌದೆ ತುರುಕಿದ ಒಲೆ ಉರಿಯುವುದೇನೇ ಮಗಳೇ? ಹೊಟ್ಟೆಯಲ್ಲೂ ಒಲೆಯಿದೆ" ಎಂದಳು ಮುದುಕಿ. "ಅರ್ಧ ಹೊಟ್ಟೆ ಅನ್ನಕ್ಕೆ, ಕಾಲು ಭಾಗ ನೀರಿಗೆ, ಉಳಿದದ್ದು ಗಾಳಿಗೆ. ಬೆಳಕು ಹರಿಯುವ ಮೊದಲೇ ಎದ್ದು, ಎಣ್ಣೆ ಹಚ್ಚಿ ಮಿಂದು, ಹೊತ್ತಿಗೆ ಸರಿಯಾಗಿ ಮಲಗಿರಿ. ಹಸಿದೆನೆಂದು ಅವನ ಬಾಯಲ್ಲೇ ಬರುವತನಕ ಬಡಿಸಬೇಡ."

ರಾಣಿ ಮನೆಗೆ ಬಂದು, ದೀಪ ಹಚ್ಚಿ, ಗಂಡನಿಗೆ ಶುಂಠಿಯ ಬಿಸಿನೀರು ಗುಟುಕು ಗುಟುಕಾಗಿ ಕುಡಿಸುತ್ತ ಒಂದು ದಿನ ಕಾದಳು, ಎರಡು ದಿನ ಕಾದಳು. ಹಾಳು ಕೈ ಸುಮ್ಮನಿರಬೇಕಲ್ಲ, ಸೌಟಿನ ಕಡೆಗೇ ಹೋಗುವುದು! ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಳು. ಮೂರನೆಯ ಬೆಳಗ್ಗೆ ಅರಸನು ಕಣ್ಣು ಬಿಟ್ಟು, "ಹೊನ್ನೀ, ಹೊಟ್ಟೆ ಹಸಿಯುತ್ತಿದೆ ಕಣೇ" ಎಂದನು. ರಾಣಿ ಗಳಗಳನೆ ಅತ್ತು, ಒಂದು ಬಟ್ಟಲು ತಿಳಿಗಂಜಿ ಕೊಟ್ಟಳು. ಎರಡನೆಯದು ಕೊಡಲಿಲ್ಲ.

ಅರಸನು ಎದ್ದು ಓಡಾಡಿ, ರಾಣಿಯೊಡನೆ ತುಂಬುಬಾಳು ಬಾಳಿದನು. ಈ ಕಥೆ ಹೇಳಿದವರಿಗೂ ಕೇಳಿದವರಿಗೂ ಹೊತ್ತಿಗೆ ಹಸಿವು, ರಾತ್ರಿಗೆ ನಿದ್ದೆ, ಮೈಗೆ ಹಗುರ, ಮುತ್ತೈದೆತನಕ್ಕೆ ಆಯಸ್ಸು ಕೊಟ್ಟು ತಾಯಿ ಕಾಯಲಿ. ಅಕ್ಷತೆ ಹಾಕಿರಿ. ಎಲೆ ಹಾಕಿದ್ದಾಗಿದೆ. ಹಸಿದವರು ಏಳಿರಿ, ಹಸಿಯದವರು ಇನ್ನೊಂದು ಗಳಿಗೆ ಕೂತಿರಿ. ಇವತ್ತು ನಾನು ಯಾರಿಗೂ ಒತ್ತಾಯ ಮಾಡುವವಳಲ್ಲ.